ಬರಿಗಾಲಿನ ಮಾತು

ನನ್ನ ಗಂಡ ಮನೆಯೊಳಗೂ ಬೂಟು ಬಿಚ್ಚುತ್ತಿರಲಿಲ್ಲ. ಊಟದ ಮೇಜಿನ ಕೆಳಗೆ ಬೂಟು, ಸೋಫಾದ ಮೇಲೆ ಕಾಲು ಚಾಚಿದರೂ ಬೂಟು. ಮಲಗುವಾಗ ಬಿಚ್ಚುತ್ತಿದ್ದರು ನಿಜ, ಆದರೆ ಮಲಗಿದ ಮೇಲೆ ಇವರಿಂದ ಬರುತ್ತಿದ್ದದ್ದು ಗೊರಕೆ ಮಾತ್ರ. ಮದುವೆಯಾದ ಹೊಸದರಲ್ಲಿ ನೆಲ ಒರೆಸಿ ಒರೆಸಿ ಸಾಕಾಗಿ ರೇಗುತ್ತಿದ್ದೆ, ಆಮೇಲೆ ಅದನ್ನೂ ಬಿಟ್ಟೆ. ಇದೇ ಮನುಷ್ಯ ತನ್ನ ಅಕ್ಕನ ಮನೆ ಮುಂದೆ ಕಾರು ನಿಂತ ಕೂಡಲೇ ಬಗ್ಗಿ ಲೇಸು ಬಿಚ್ಚುವುದನ್ನು ಮೊದಲ ಸಲ ನೋಡಿದಾಗ ನನಗೆ ಹೊಟ್ಟೆ ಉರಿದುಹೋಯಿತು. ಸುಳ್ಳು ಯಾಕೆ ಹೇಳಲಿ?

ಕಾರಣ ಕೇಳಿದ್ದಕ್ಕೆ ನಕ್ಕುಬಿಟ್ಟರು. ರಾಜಕಾರಣಿಯ ನಗುವಿಗೆ ಅರ್ಥ ಹುಡುಕುವ ಕೆಲಸ ನಾನು ಆಗಿನ್ನೂ ಕಲಿತಿರಲಿಲ್ಲ.

ಇವರ ತಾತನನ್ನು ಗಣಿ ಕಂಪನಿಯವರು ತಮಿಳು ಸೀಮೆಯಿಂದ ಕರೆತಂದಿದ್ದರು. ಹಾಗೆ ಬಂದವರಿಗೆಂದೇ ಗುಡ್ಡದ ಬುಡದಲ್ಲಿ ಸಾಲುಮನೆಗಳನ್ನು ಕಟ್ಟಿಸಿದ್ದರು. ಒಂದು ಕೋಣೆ, ಒಂದು ಒಲೆ, ನಾಲ್ಕು ಮನೆಗೆ ಒಂದು ನಲ್ಲಿ. ತಾತ ಗಣಿಯಲ್ಲಿ ದುಡಿದ, ಅಪ್ಪನೂ ಗಣಿಯಲ್ಲಿ ದುಡಿದ. ಅಪ್ಪನ ಎದೆಗೂಡಿನಲ್ಲಿ ಕಲ್ಲಿನ ಪುಡಿ ಕೂತು ಅವನು ಕೆಮ್ಮಿ ಕೆಮ್ಮಿ ಸತ್ತ ಮೇಲೆ ಅಕ್ಕ ಅದಿರು ಆರಿಸುವ ಕೆಲಸಕ್ಕೆ ಸೇರಿ ತಮ್ಮನನ್ನು ಓದಿಸಿದಳು. ತನ್ನ ಮದುವೆಯ ಮಾತೆತ್ತಿದವರಿಗೆಲ್ಲ ಇವರನ್ನು ತೋರಿಸಿ, 'ಒಂದು ಮಗು ಆಗ್ಲೇ ಇದೆಯಲ್ಲ, ಇನ್ಯಾಕೆ?' ಅನ್ನುತ್ತಿದ್ದಳಂತೆ. ನನ್ನ ಅತ್ತಿಗೆ ಅಂದರೆ ಅವಳು. ತಮಾಷೆ ಮಾಡುವಾಗಲೂ ಮುಖ ಗಂಟಿಕ್ಕಿಕೊಂಡೇ ಮಾಡುವ ಹೆಂಗಸು.

ಇವರಿಗಿದ್ದ ಒಂದೇ ಆಸ್ತಿ ಗಂಟಲು. ಕಾರ್ಮಿಕ ಸಂಘದ ಗಾಡಿಯಲ್ಲಿ ಧ್ವನಿವರ್ಧಕ ಕಟ್ಟಿಕೊಂಡು ನೀರು ಬರುವ ಹೊತ್ತು, ಸತ್ತವರ ಸುದ್ದಿ, ಸಭೆಯ ಸುದ್ದಿ ಎಲ್ಲವನ್ನೂ ಮೊದಲು ಇಲ್ಲಿನ ಮಾತಿನಲ್ಲಿ, ಆಮೇಲೆ ತಮಿಳಿನಲ್ಲಿ ಸಾರುತ್ತಿದ್ದರು. ಊರಿನವರು 'ಮೈಕು' ಎಂದು ಹೆಸರಿಟ್ಟರು. ಆ ಗಂಟಲು ಕೂಗಿದರೆ ಹೆಂಗಸರು ಒಲೆ ಆರಿಸಿ ಹೊರಗೆ ಬರುತ್ತಿದ್ದರಂತೆ. ಸಾಲುಮನೆಗಳ ಓಟಿಗಾಗಿ ಬಾಯಿ ಬಾಯಿ ಬಿಡುತ್ತಿದ್ದ ಪಕ್ಷ ಇವರನ್ನು ಎತ್ತಿ ಟಿಕೆಟು ಕೊಟ್ಟಿತು, ಇವರು ಗೆದ್ದರು.

ಶಾಸನಸಭೆಯಲ್ಲಿ ಉಳಿದ ಶಾಸಕರು 'ನಮ್ಮ ತಮಿಳು ಸಾಹೇಬರು' ಎಂದು ಬೆನ್ನು ತಟ್ಟುತ್ತಿದ್ದರು. ಇಲ್ಲೇ ಹುಟ್ಟಿ, ಇಲ್ಲಿನ ಮಾತನ್ನು ಅವರೆಲ್ಲರಿಗಿಂತ ಸೊಗಸಾಗಿ ಆಡುತ್ತಿದ್ದವರನ್ನು ಹೋದಲ್ಲೆಲ್ಲ ಅತಿಥಿಯ ಹಾಗೆ ನಡೆಸಿಕೊಳ್ಳುತ್ತಿದ್ದರು. ಅತಿಥಿಗೆ ಒಳ್ಳೆಯ ಕುರ್ಚಿ ಸಿಗುತ್ತದೆ, ಮನೆಯ ಬೀಗದ ಕೈ ಸಿಗುವುದಿಲ್ಲ. ಅದು ಇವರಿಗೂ ಗೊತ್ತಿತ್ತು. ಗೊತ್ತಿದ್ದೂ ಕುರ್ಚಿಯ ಮೇಲೆ ಆಸೆಯಿತ್ತು.

ಮೊದಲ ಏಟು ಬಿದ್ದದ್ದು ಆ ಕುರ್ಚಿ ಸಿಕ್ಕ ಹೊಸದರಲ್ಲೇ. ಕೆಳಗಿನ ಒಂದು ಓಣಿಯ ಮನೆಗಳಿಗೆ ಒಳಚರಂಡಿ ಹಾಕಬೇಕು, ಕೆಲಸ ಮುಗಿಯುವ ತನಕ ಜನ ಶಾಲೆಯ ಕಟ್ಟಡದಲ್ಲಿ ಇರಲಿ ಎಂದು ಮೇಲಿನವರು ಹೇಳಿದರು. ಇವರು ನಂಬಿದರು, ಧ್ವನಿವರ್ಧಕ ಹಿಡಿದು ತಮಿಳಿನಲ್ಲಿ ಕೂಗಿದರು. ಜನ ಗಂಟುಮೂಟೆ ಕಟ್ಟಿಕೊಂಡು ಹೊರಟರು. ಅವರು ತಿರುಗಿ ಬರುವಷ್ಟರಲ್ಲಿ ಮನೆಗಳಿರಲಿಲ್ಲ, ಸಮತಟ್ಟಾದ ನೆಲಕ್ಕೆ ತಂತಿ ಬೇಲಿ ಹಾಕಿತ್ತು. ಆಮೇಲೆ ಅಲ್ಲಿ ಯಾವುದೋ ಕಂಪನಿಯ ಗೋದಾಮು ಎದ್ದಿತು.

ಅವತ್ತು ಅಕ್ಕನ ಮುಂದೆ ನಿಂತಾಗ ಇವರ ಕಾಲಲ್ಲಿ ಜೀವನದ ಮೊದಲ ಚರ್ಮದ ಬೂಟು ಇತ್ತಂತೆ. ಇಬ್ಬರೂ ಆಡುತ್ತಿದ್ದದ್ದು ತಮಿಳು. ಬರೆಯುವಾಗ ನಾನು ನಮ್ಮ ಮಾತಿಗೆ ತಂದುಕೊಂಡಿದ್ದೇನೆ.

"ನಂಗೂ ಗೊತ್ತಿರ್ಲಿಲ್ಲ ಅಕ್ಕ. ಅವ್ರು ಹೇಳಿದ್ದನ್ನೇ ಹೇಳಿದೆ."

"ಹಾಗಾದ್ರೆ ಇನ್ಮೇಲೆ ಹೀಗೆ ಮಾಡು," ಅಂದಳಂತೆ ಅತ್ತಿಗೆ. "ಬೂಟು ಹಾಕ್ಕೊಂಡು ಹೇಳಿದ್ದನ್ನ ಸರ್ಕಾರದ ಮಾತು ಅಂದ್ಕೋತೀನಿ. ನನ್ನ ತಮ್ಮನ ಮಾತು ಹೇಳೋದಿದ್ರೆ ಬರಿಗಾಲಲ್ಲಿ ಬಾ. ಬರಿಗಾಲಲ್ಲಿ ಸುಳ್ಳು ಹೇಳಿದ ದಿನ ನೀನು ನಂಗೆ ತಮ್ಮನೂ ಅಲ್ಲ, ಮೈಕೂ ಅಲ್ಲ."

ಈ ಕತೆ ನನಗೆ ಗೊತ್ತಾಗಿದ್ದು ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ, ಅದೂ ಅತ್ತಿಗೆಯ ಬಾಯಿಂದ. ಗೊತ್ತಾದ ಮೇಲೆ ಉರಿಯುತ್ತಿದ್ದ ಹೊಟ್ಟೆ ಇನ್ನೂ ಉರಿಯಿತು. ಹಾಗಾದರೆ ನನ್ನ ಜೊತೆ ಇಷ್ಟು ವರ್ಷ ಆಡಿದ್ದೆಲ್ಲ ಸರ್ಕಾರದ ಮಾತೇ?

ಅತ್ತಿಗೆಯ ಮನೆ ಸಾಲುಮನೆಗಳ ಮುಖ್ಯ ಬೀದಿಯ ತುದಿಯಲ್ಲಿ, ಸ್ವಲ್ಪ ಎತ್ತರದಲ್ಲಿತ್ತು. ಬಾಗಿಲ ಮೊಳೆಯಿಂದ ವಿದ್ಯುತ್ ಕಂಬಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಗಹಾಕುತ್ತಿದ್ದಳು. ಒಂದು ಸಲ ಮುಷ್ಕರದ ದಿನ ಪೊಲೀಸರು ಲಾಠಿ ಬೀಸುತ್ತಾರೆಂದು ಇವರು ಬರಿಗಾಲಲ್ಲಿ ಬಂದು ಹೇಳಿ ಹೋದರು. ಅತ್ತಿಗೆ ಯಾರಿಗೂ ಏನೂ ಹೇಳಲಿಲ್ಲ, ಒದ್ದೆ ಬಟ್ಟೆಯನ್ನೇ ಎಳೆದು ಒಳಗೆ ಹಾಕಿಕೊಂಡು ಬಾಗಿಲು ಮುಚ್ಚಿದಳು. ಅದನ್ನು ಕಂಡು ಪಕ್ಕದವಳೂ ಬಾಗಿಲು ಹಾಕಿದಳು, ಅವಳನ್ನು ಕಂಡು ಅವಳಾಚೆಯವಳು. ಅವತ್ತು ಪೊಲೀಸರಿಗೆ ಖಾಲಿ ಬೀದಿ ಸಿಕ್ಕಿತು. ಅಲ್ಲಿಂದಾಚೆಗೆ ಬೀದಿಯವರೆಲ್ಲ ಮೈಕಿನ ಮಾತಿಗೆ ಕಿವಿ ಕೊಟ್ಟು, ಕಣ್ಣನ್ನು ಮಾತ್ರ ಆ ಹಗ್ಗದ ಮೇಲೆ ಇಡುವುದು ಕಲಿತರು. ಬಟ್ಟೆ ಹಗ್ಗದ ಮೇಲಿದ್ದರೆ ಇವರು ಏನು ಕೂಗಿದರೂ ಚಪ್ಪಾಳೆ ತಟ್ಟಿ ತಮ್ಮ ಪಾಡಿಗೆ ತಾವಿರುತ್ತಿದ್ದರು.

ಇವರಿಗೆ ಅದು ವರವಾಯಿತು. ವೇದಿಕೆಯ ಮೇಲೆ ಮುಖ್ಯಮಂತ್ರಿಗೆ ಬೇಕಾದ್ದನ್ನು ಹೇಳಿದರು, ಹಗ್ಗದ ಮೇಲೆ ಜನಕ್ಕೆ ಬೇಕಾದ್ದನ್ನು ಹೇಳಿಸಿದರು. ಎರಡೂ ಕಡೆ ಒಳ್ಳೆಯವರಾಗಿ ಗೆಲ್ಲುತ್ತಾ ಗೆಲ್ಲುತ್ತಾ ಮಂತ್ರಿಯಾದರು. ರಾಜ್ಯದ ಜಾಣ ರಾಜಕಾರಣಿ ಎಂದು ಪತ್ರಿಕೆಗಳು ಹೊಗಳಿದಾಗ ನಾನು ಮನಸ್ಸಿನಲ್ಲೇ ಒಂದು ಬಟ್ಟೆ ಹಗ್ಗಕ್ಕೆ ಕೈ ಮುಗಿದೆ.

ಈ ಸಲದ ವಿಷಯ ಗುಡ್ಡದ ಮೇಲಿನದು. ಗಣಿ ಮುಚ್ಚಿ ಎಷ್ಟೋ ಕಾಲವಾಗಿದ್ದರೂ ಅದಿರು ತೊಳೆದ ಕೆಸರುನೀರು ಮೇಲೆ ಕೆರೆಯ ಹಾಗೆ ನಿಂತೇ ಇತ್ತು. ಅದನ್ನು ತಡೆದು ನಿಲ್ಲಿಸಿದ್ದು ಒಂದು ಮಣ್ಣಿನ ಏರಿ. ಏರಿ ದುರ್ಬಲವಾಗಿದೆ, ಸಾಲುಮನೆಗಳನ್ನು ತೆರವು ಮಾಡಬೇಕೆಂದು ಮುಖ್ಯಮಂತ್ರಿ ಇವರನ್ನು ಕರೆಸಿ ಹೇಳಿದರು. ಹೇಳಿದ ಮೇಲೆ ಇವರ ಭುಜದ ಮೇಲೆ ಕೈಯಿಟ್ಟು, 'ಉಪಮುಖ್ಯಮಂತ್ರಿ ಸ್ಥಾನ ಖಾಲಿ ಇದೆ, ನಿಮ್ಮ ಸಮುದಾಯಕ್ಕೂ ಒಂದು ಗೌರವ' ಅಂದರಂತೆ. ಅದೇ ವಾರ ಗಣಿ ಜಮೀನನ್ನು ಹೊಸ ಕಂಪನಿಗೆ ಗುತ್ತಿಗೆ ಕೊಡುವ ಪ್ರಸ್ತಾಪವೂ ಸಂಪುಟದ ಮುಂದೆ ಬಂತು.

"ಮತ್ತೆ ಅದೇ ಆಟ," ಅಂದರು ಇವರು ಮನೆಗೆ ಬಂದು. "ಆಗ ಒಳಚರಂಡಿ, ಈಗ ಏರಿ. ನನ್ನ ಮೂಗಿಗೆ ತುಪ್ಪ ಸವರಿ ನನ್ನ ಕೈಯಲ್ಲೇ ನನ್ನ ಜನಾನ ಓಡಿಸ್ಬೇಕು ಅಂತ."

"ಏರಿ ನಿಜವಾಗ್ಲೂ ಕೆಟ್ಟಿದ್ರೆ?" ಅಂದೆ.

"ನನ್ನ ಅಪ್ಪ ಮಣ್ಣು ಹೊತ್ತು ಕಟ್ಟಿದ ಏರಿ ಅದು. ನಂಗೆ ಹೇಳ್ಬೇಡ."

ಮಾರನೆಯ ದಿನ ಸಾಲುಮನೆಗಳ ಮುಂದೆ ಧ್ವನಿವರ್ಧಕದಲ್ಲಿ ಕೂಗಿದರು. ಎಲ್ಲರೂ ಹೊರಡಿ, ಪ್ರಾಣ ಮುಖ್ಯ, ಸರ್ಕಾರ ನಿಮ್ಮ ಜೊತೆಗಿದೆ. ಜಿಲ್ಲೆಯ ಅಧಿಕಾರಿಗಳು ತಲೆಯಾಡಿಸಿದರು. ಆಮೇಲೆ ಅಕ್ಕನ ಮನೆಯಲ್ಲಿ ಟೀ ಕುಡಿದು ಬರುತ್ತೇನೆಂದು ಹೊರಟರು. ನಾನೂ ಜೊತೆಗಿದ್ದೆ. ಬಾಗಿಲಲ್ಲೇ ಬೂಟು ಬಿಚ್ಚಿ, ಕಾಲುಚೀಲವನ್ನೂ ಕಳಚಿ, ಸಿಮೆಂಟು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

"ಅಲ್ಲಾಡ್ಬೇಡ ಅಕ್ಕ. ಇದು ಜಮೀನಿಗೋಸ್ಕರ ನಡೀತಿರೋ ನಾಟಕ. ಏರಿಗೆ ಏನೂ ಆಗಿಲ್ಲ."

ಅತ್ತಿಗೆ ಲೋಟ ಮುಂದಿಟ್ಟು ಇವರ ಪಾದ ನೋಡಿದಳು. ಒಂದು ಉಗುರಿನ ಸಂದಿಯಲ್ಲಿದ್ದ ಮಣ್ಣನ್ನು ಸೆರಗಿನ ತುದಿಯಿಂದ ಒರೆಸಿದಳು, ಚಿಕ್ಕ ಮಗುವಿಗೆ ಒರೆಸುವ ಹಾಗೆ.

"ನೀನೇ ನೋಡಿದ್ಯಾ?"

"ನೋಡೋದೇನಿದೆ? ನಂಗೊತ್ತು."

"ಚರಂಡೀಲಿ ಯಾಕೋ ನೀರು ಜಾಸ್ತಿ ಹರೀತಾ ಇದೆ ಕಣೋ. ಮಳೆನೂ ಇಲ್ಲ."

"ಮೇಲೆ ಎಲ್ಲೋ ಪೈಪು ಒಡೆದಿರ್ಬೇಕು. ಹೇಳ್ತೀನಿ ಬಿಡು."

ನಾನು ಹೊರಗೆ ಬಂದು ಆ ಚರಂಡಿ ನೋಡಿದೆ. ಗುಡ್ಡದ ಕಡೆಯಿಂದ ಬಂದು ಮನೆಗಳ ಮುಂದೆ ಹಾದುಹೋಗುವ ಆ ಚರಂಡಿಯಲ್ಲಿ ಯಾವಾಗಲೂ ಕಪ್ಪು ನೀರು ತೆವಳುತ್ತಿತ್ತು. ಅವತ್ತು ನೀರು ತಿಳಿಯಾಗಿತ್ತು, ತಳದ ಕಲ್ಲು ಕಾಣುವಷ್ಟು ತಿಳಿ. ಒಂದು ಪ್ಲಾಸ್ಟಿಕ್ ಚಮಚ ಅದರಲ್ಲಿ ಸರಸರನೆ ತೇಲಿ ಹೋಯಿತು. ಚೊಕ್ಕ ನೀರು ಕಂಡು ಹೆದರಿಕೆಯಾದದ್ದು ನನಗೆ ಅದೇ ಮೊದಲು. ಹಿಂದೆ ತಿರುಗಿ ನೋಡಿದರೆ ಅತ್ತಿಗೆ ಹಗ್ಗದ ಮೇಲೆ ನೀಲಿ ಹೊದಿಕೆಯೊಂದನ್ನು ಹರವುತ್ತಿದ್ದಳು. ಬೀದಿಯಲ್ಲಿ ಅರ್ಧ ಕಟ್ಟಿದ್ದ ಗಂಟುಗಳು ಆಗಲೇ ಬಿಚ್ಚಿಕೊಳ್ಳುತ್ತಿದ್ದವು.

ಏರಿಯ ಉಸ್ತುವಾರಿಗಿದ್ದ ಎಂಜಿನಿಯರ್ ದಿನಾ ಫೋನ್ ಮಾಡುತ್ತಿದ್ದರು. ಒಮ್ಮೆ ಬಂದು ನೋಡಿ ಸರ್, ಒಂದೇ ಒಂದು ಸಲ. ಇವನು ಮುಖ್ಯಮಂತ್ರಿಯ ಕಡೆಯವನು ಎಂದು ಇವರು ಫೋನ್ ಇಟ್ಟುಬಿಡುತ್ತಿದ್ದರು. ಕೊನೆಗೆ ಆ ಮನುಷ್ಯನ ಕಾಟ ತಪ್ಪಿದರೆ ಸಾಕೆಂದು, ನಾನು ರಿಬ್ಬನ್ ಕತ್ತರಿಸಬೇಕಿದ್ದ ಹೊಲಿಗೆ ಶಾಲೆಗೆ ಹೋಗುವ ದಾರಿಯಲ್ಲಿ ಒಂದು ಮಧ್ಯಾಹ್ನ ಗುಡ್ಡ ಹತ್ತಿದೆವು.

ಕೆಸರು ಜಾಸ್ತಿಯಿದ್ದದ್ದರಿಂದ ಎಂಜಿನಿಯರ್ ತಮ್ಮ ರಬ್ಬರ್ ಬೂಟು ಬಿಚ್ಚಿ ಇವರಿಗೆ ಕೊಟ್ಟರು. ಬಿಗಿಯಾಗಿತ್ತು. "ನನ್ನ ಅಳತೇದು ಸರ್, ಸ್ವಲ್ಪ ಹೊತ್ತು ಸಹಿಸ್ಕೊಳ್ಳಿ," ಅಂದರು. ಇವರು ತುರುಕಿಕೊಂಡು ಇಳಿದರು, ನಾನು ಮೇಲೆ ನಿಂತಿದ್ದೆ. ಏರಿಯ ಬುಡದಲ್ಲಿ ಕೈ ಹೋಗುವಷ್ಟು ಒಂದು ಕಂಡಿ. ಅದರಿಂದ ನೀರು ಉಕ್ಕಿ ಉಕ್ಕಿ ಬರುತ್ತಿತ್ತು. ಕೆಂಪಗಿತ್ತು.

"ನಿನ್ನೆ ತನಕ ತಿಳಿಯಾಗಿತ್ತು ಸರ್," ಅಂದರು ಎಂಜಿನಿಯರ್. ಅವರ ದನಿ ಮೆತ್ತಗಿತ್ತು, ಆಸ್ಪತ್ರೆಯಲ್ಲಿ ಕೆಟ್ಟ ಸುದ್ದಿ ಹೇಳುವವರ ದನಿ. "ತಿಳಿ ನೀರು ಬಂದ್ರೆ ಸೋರ್ತಾ ಇದೆ ಅಂತ. ಮಣ್ಣು ಹೊತ್ತು ಬಂದ್ರೆ ಏರಿ ಒಳಗಿನಿಂದ ಕರಗ್ತಾ ಇದೆ ಅಂತ. ಕೆಳಗಿನವ್ರೆಲ್ಲ ಹೋಗಿದಾರೆ ತಾನೆ ಸರ್? ನೀವೇ ಅನೌನ್ಸ್ ಮಾಡಿದ್ರಲ್ಲ?"

ಇವರು ಬಗ್ಗಿ ಆ ನೀರಿಗೆ ಕೈಯಿಟ್ಟರು. ಎತ್ತಿದಾಗ ಅಂಗೈ ತುಂಬ ಕೆಂಪು ಮಣ್ಣು. ನನ್ನ ಗಂಡನ ಮುಖದಲ್ಲಿ ರಕ್ತವಿಲ್ಲದ್ದನ್ನು ನಾನು ಅವತ್ತೇ ನೋಡಿದ್ದು. ಏದುಸಿರು ಬಿಡುತ್ತಾ ಮೇಲಕ್ಕೆ ಹತ್ತಿ ಬಂದು ನಮ್ಮ ಬೆಂಗಾವಲಿಗೆ ಬಂದಿದ್ದ ಪೊಲೀಸ್ ಜೀಪಿನೊಳಗೆ ಬಿದ್ದರು, ಧ್ವನಿವರ್ಧಕ ಕಿತ್ತುಕೊಂಡರು. ನಾನೂ ಹತ್ತಿದೆ. ಜೀಪು ಇಳಿಜಾರಿನಲ್ಲಿ ಹಾರಿಕೊಂಡು ಹೋಯಿತು.

ಸಾಲುಮನೆಗಳಲ್ಲಿ ಮಧ್ಯಾಹ್ನದ ಜೊಂಪು. ಕ್ಷೌರದಂಗಡಿಯವನು ಒಬ್ಬನ ಕೆನ್ನೆಗೆ ನೊರೆ ಹಚ್ಚುತ್ತಿದ್ದ. ಹೆಂಗಸರು ಮೆಟ್ಟಿಲ ಮೇಲೆ ಕೂತು ಒಬ್ಬರ ತಲೆ ಒಬ್ಬರು ಬಾಚುತ್ತಿದ್ದರು. ಇವರು ತಮಿಳಿನಲ್ಲಿ ಕೂಗಿದರು. ಓಡಿ, ಎಲ್ಲ ಬಿಟ್ಟು ಓಡಿ, ಏರಿ ಒಡೀತಾ ಇದೆ, ನಾನು ಕಣ್ಣಾರೆ ನೋಡಿ ಬಂದೆ. ಗಂಟಲು ಸೀಳಿ ಹೋಗುವ ಹಾಗೆ ಕೂಗಿದರು. ಜನ ತಲೆಯೆತ್ತಿ ನೋಡಿದರು. ಆಮೇಲೆ ಎಲ್ಲರ ಕಣ್ಣೂ ಬೀದಿಯ ತುದಿಗೆ ಹೋಯಿತು. ನೀಲಿ ಹೊದಿಕೆ ಗಾಳಿಗೆ ಆಡುತ್ತಿತ್ತು.

"ಮೈಕು ಇವತ್ತು ಭರ್ಜರಿಯಾಗಿ ಕೂಗ್ತಾ ಇದಾನೆ," ಅಂದ ಕ್ಷೌರದವನು, ಕತ್ತಿ ಮಸೆಯುತ್ತಾ. ನೊರೆ ಮೆತ್ತಿಕೊಂಡವನು ನಕ್ಕು ಕೈ ಬೀಸಿದ.

ಅತ್ತಿಗೆ ಬಕೆಟ್ಟಿನಿಂದ ಇನ್ನೊಂದು ಬಟ್ಟೆ ತೆಗೆದು ಹಿಂಡುತ್ತಿದ್ದಳು. ಇವರು ಜೀಪು ನಿಲ್ಲುವ ಮೊದಲೇ ಧುಮುಕಿ ಅವಳ ತೋಳು ಹಿಡಿದರು.

"ಅಕ್ಕ, ನಡಿ. ಬಟ್ಟೆ ತೆಗಿ. ಎಲ್ರೂ ಸಾಯ್ತೀವಿ."

"ಸರಿ, ಸರಿ," ಅಂದಳು ಅತ್ತಿಗೆ ದೊಡ್ಡದಾಗಿ, ಪೊಲೀಸರಿಗೆ ಕೇಳುವ ಹಾಗೆ. ಆಮೇಲೆ ತಗ್ಗಿದ ದನಿಯಲ್ಲಿ, "ಸಾಕು ಬಿಡೋ, ಅವ್ರು ನಂಬಿದ್ರು. ಗಂಟ್ಲು ಹಾಳು ಮಾಡ್ಕೋಬೇಡ."

"ನಾಟಕ ಅಲ್ಲ ಅಕ್ಕ! ನಿಜ! ನಿನ್ನ ಮೇಲಾಣೆ, ನಿಜ!"

ಅವಳು ಕಣ್ಣು ಕೆಳಗಿಳಿಸಿ ನೋಡಿದಳು, ತುಟಿಯ ತುದಿಯಲ್ಲಿ ನಕ್ಕಳು, ಹಿಂಡಿದ ಬಟ್ಟೆ ಕೊಡವಿ ಹಗ್ಗಕ್ಕೆ ಹಾಕಿದಳು. ಅವಳು ಏನು ನೋಡಿದಳೆಂದು ಇವರಿಗೆ ಹೊಳೆಯಲಿಲ್ಲ. ನನಗೆ ಹೊಳೆಯಿತು. ಎಷ್ಟೋ ವರ್ಷ ಹೊಟ್ಟೆಕಿಚ್ಚಿನಿಂದ ನಾನು ನೋಡಿದ್ದೂ ಅದನ್ನೇ ಅಲ್ಲವೇ?

"ಬೂಟು!" ಎಂದು ಕಿರುಚಿದೆ. "ರೀ, ಬೂಟು ಬಿಚ್ರೀ!"

ಇವರು ಕೂತರು, ಎಳೆದರು. ಬಿಗಿ ಬೂಟಿನೊಳಗೆ ಕೆಸರು ತುಂಬಿ ಕಚ್ಚಿಕೊಂಡಿತ್ತು. ಮಂತ್ರಿಗಳು ಬೀದಿಯಲ್ಲಿ ಬೆನ್ನ ಮೇಲೆ ಬಿದ್ದು ಕಾಲೆತ್ತಿದ್ದರು, ಹೆಂಡತಿ ಮಂಡಿಯೂರಿ ಬೂಟು ಹಿಡಿದು ಜಗ್ಗುತ್ತಿದ್ದಳು. ಬೀದಿಯೆಲ್ಲ ಗೊಳ್ಳೆಂದು ನಕ್ಕಿತು. ಆ ನಗು ನನಗೆ ಈಗಲೂ ಕೇಳಿಸುತ್ತದೆ. ಒಂದು ಬೂಟು ಬಂತು. ಇನ್ನೊಂದು, ಹಿಮ್ಮಡಿಯ ಚರ್ಮ ಕಿತ್ತುಕೊಂಡು ಬಂತು.

ಇವರು ಎದ್ದು ಅಕ್ಕನ ಮುಂದೆ ಬರಿಗಾಲಲ್ಲಿ ನಿಂತರು. ಹಿಮ್ಮಡಿಯಿಂದ ರಕ್ತ ಇಳಿಯುತ್ತಿತ್ತು.

"ಅಕ್ಕ," ಅಂದರು. "ನೋಡು."

ಅತ್ತಿಗೆ ನೋಡಿದಳು. ನಗು ನಿಂತಿತು. ಅವಳನ್ನೇ ನೋಡುತ್ತಿದ್ದ ಬೀದಿಯ ನಗುವೂ ನಿಂತಿತು. ಈಗ ಹೊದಿಕೆ ಎಳೆಯುತ್ತಾಳೆ ಅಂದುಕೊಂಡೆ. ಅವಳ ಕೈ ಹಗ್ಗದ ಮೇಲೆ ಹಾಗೇ ಇತ್ತು.

"ಮೊನ್ನೆನೂ ಬರಿಗಾಲಲ್ಲೇ ಹೇಳಿದ್ಯಲ್ಲೋ," ಅಂದಳು. "ಯಾವ್ದನ್ನ ನಂಬ್ಲಿ?"

ಇವರು ಬಾಯಿ ತೆರೆದರು. ರಾಜ್ಯವನ್ನೇ ಮಾತಿನಲ್ಲಿ ಗೆದ್ದ ಗಂಟಲು ಅದು, ಗಾಳಿ ಮಾತ್ರ ಬಂತು.

ಅತ್ತಿಗೆ ಮತ್ತೆ ಇವರ ಕಡೆ ನೋಡಲಿಲ್ಲ. ಇವರನ್ನು ದಾಟಿ ಎರಡು ಹೆಜ್ಜೆ ನಡೆದು ಚರಂಡಿಯೊಳಗೆ ಬಗ್ಗಿ ನೋಡಿದಳು. ಕೆಂಪು ನೀರು ಅಂಚಿನವರೆಗೆ ಬಂದಿತ್ತು. ಅವಳು ಹಿಂದಿರುಗಿ, ಬಟ್ಟೆಯ ಗೊಡವೆಗೇ ಹೋಗದೆ, ಹಗ್ಗವನ್ನೇ ಮೊಳೆಯಿಂದ ಕಿತ್ತಳು. ನೀಲಿ ಹೊದಿಕೆ ನೆಲಕ್ಕೆ ಬಿತ್ತು.

ಬೀದಿ ಒಂದೇ ಸಲ ಎದ್ದಿತು. ಯಾರೂ ಏನೂ ಕೇಳಲಿಲ್ಲ. ಮಕ್ಕಳನ್ನು ಕಂಕುಳಲ್ಲಿ ಇರುಕಿಕೊಂಡು, ಮುದುಕರನ್ನು ಬೆನ್ನ ಮೇಲೆ ಹೊತ್ತು ಎದುರಿನ ದಿಣ್ಣೆ ಹತ್ತಿದರು. ನೊರೆ ಮೆತ್ತಿದ ಮುಖದವನು ಕ್ಷೌರದವನ ಕೈ ಹಿಡಿದು ಎಳೆಯುತ್ತಾ ಓಡಿದ. ಪೊಲೀಸರು ನಮ್ಮಿಬ್ಬರನ್ನೂ ಜೀಪಿಗೆ ತಳ್ಳಿದರು.

"ಅಕ್ಕ ಎಲ್ಲಿ?" ಅಂದರು ಇವರು.

ಅವಳು ಕೆಳಗಿನ ಓಣಿಗಳ ಕಡೆ ಓಡುತ್ತಿದ್ದಳು. ಗೋದಾಮಿನ ಹಿಂದಿನ ಆ ಓಣಿಗಳಿಗೆ ಅವಳ ಹಗ್ಗ ಕಾಣುತ್ತಿರಲಿಲ್ಲ, ಬಾಯಿಮಾತು ತಲುಪುತ್ತಿತ್ತು ಅಷ್ಟೇ. ಅಲ್ಲಿಗೆ ತಲುಪಿದ್ದ ಕೊನೆಯ ಮಾತು 'ಅಲ್ಲಾಡ್ಬೇಡಿ' ಎನ್ನುವುದು. ಇವರು ಜೀಪಿನಿಂದ ಹಾರಿ ಅವಳ ಹಿಂದೆ ಓಡಿದರು, ಇಬ್ಬರು ಪೊಲೀಸರು ಹಿಡಿದು ನೆಲಕ್ಕೆ ಕೆಡವಿದರು. ಆಮೇಲೆ ಗುಡ್ಡದ ಕಡೆಯಿಂದ ಒಂದು ಸದ್ದು ಬಂತು. ದೊಡ್ಡ ಸದ್ದೇನಲ್ಲ, ಲಾರಿಯಿಂದ ಮರಳು ಸುರಿದ ಹಾಗೆ. ನಿಲ್ಲಲಿಲ್ಲ ಮಾತ್ರ.

ಮುಖ್ಯ ಬೀದಿಯವರು ಉಳಿದರು. ಕೆಳಗಿನ ಓಣಿಗಳಿಂದ ಕೆಲವರು ಬಂದರು, ಹೆಚ್ಚಿನವರು ಬರಲಿಲ್ಲ. ಅತ್ತಿಗೆ ಬರಲಿಲ್ಲ. ಬದುಕಿ ಬಂದವಳೊಬ್ಬಳು ಹೇಳಿದಳು, ಅವಳು ಬಾಗಿಲು ಬಾಗಿಲು ಬಡಿಯುತ್ತಿದ್ದಳಂತೆ. ಜನ, 'ನಿನ್ನ ತಮ್ಮ ಏನಂದ?' ಎಂದು ಕೇಳುತ್ತಿದ್ದರಂತೆ. 'ಅವನ ಮಾತು ಬಿಡಿ, ನಾನು ಹೇಳ್ತಾ ಇದೀನಿ' ಅನ್ನುತ್ತಿದ್ದಳಂತೆ.

ಮಾರನೆಯ ದಿನ ಎಲ್ಲ ಪತ್ರಿಕೆಗಳಲ್ಲೂ ಒಂದೇ ಚಿತ್ರ. ಕೆಸರಿನಲ್ಲಿ ಕೂತ ಮಂತ್ರಿ, ರಕ್ತ ಸೋರುವ ಬರಿಗಾಲು. ತನ್ನ ಜನರನ್ನು ಉಳಿಸಲು ಬರಿಗಾಲಲ್ಲಿ ಓಡಿದ ನಾಯಕ ಎಂದು ಬರೆದರು. ಮುಖ್ಯಮಂತ್ರಿ ಮನೆಗೇ ಬಂದು ಅಪ್ಪಿಕೊಂಡರು. ಇವರು ಈಗ ಉಪಮುಖ್ಯಮಂತ್ರಿ. ಚುನಾವಣೆಯ ಗೋಡೆಚಿತ್ರಗಳಲ್ಲಿ ಇವರ ಮುಖಕ್ಕಿಂತ ಪಾದವೇ ದೊಡ್ಡದಾಗಿರುತ್ತದೆ. ವೇದಿಕೆಯ ಮೇಲೆ ಆ ಗಂಟಲು ಈಗಲೂ ಮೊಳಗುತ್ತದೆ, ಜನ ಅಳುತ್ತಾರೆ.

ಸಂಜೆ ಮನೆಗೆ ಬಂದ ಕೂಡಲೇ ಬಾಗಿಲಲ್ಲಿ ಬಗ್ಗಿ ಲೇಸು ಬಿಚ್ಚುತ್ತಾರೆ. ಬೂಟನ್ನು ಜೋಡಿಸಿಟ್ಟು, ಕಾಲುಚೀಲ ಕಳಚಿ, ಒಳಗೆ ಬಂದು ನನ್ನೆದುರು ನೆಲದ ಮೇಲೆ ಕೂರುತ್ತಾರೆ. ಹಿಮ್ಮಡಿಯ ಗಾಯ ಮಾಸಿದೆ. ಇಷ್ಟು ವರ್ಷ ನಾನು ಬಯಸಿದ್ದು ಇದನ್ನೇ. ಟೀ ಲೋಟ ಮುಂದಿಟ್ಟು ಕಾಯುತ್ತೇನೆ.

ಇವರು ಮಾತಾಡುವುದಿಲ್ಲ.